ಅರಿಶಿಣ ಒಂದು ತರಬ್ಯಾಡ

ಲಂಡನ್ ಹೇಗಿತ್ತು ಎಂದು ಧಾರವಾಡದಲ್ಲಿ ಎಲ್ಲರೂ ಕೇಳುತ್ತಾರೆ. ಹಾಲು ಹಾಕುವವ ಕೇಳಿದ, ಬ್ಯಾಂಕಿನ ಹುಡುಗಿ ಕೇಳಿದಳು, ನನ್ನ ಕೈಯಲ್ಲಿ ಮಗ್ಗಿ ಕಲಿತ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಂತೆಯಲ್ಲಿ ನಿಲ್ಲಿಸಿ ಕೇಳಿದಳು. ಚೆನ್ನಾಗಿತ್ತು ಎನ್ನುತ್ತೇನೆ. ಅರಮನೆ ನೋಡಿದಿರಾ ಎಂದರೆ ಹೊರಗಿನಿಂದ ನೋಡಿದೆ ಎನ್ನುತ್ತೇನೆ. ಅದೂ ಸುಳ್ಳು, ನೋಡಿಲ್ಲ. ನಾನು ಹೋದದ್ದು ನನ್ನ ತಂಗಿ ಗಿರಿಜಾಳನ್ನು ನೋಡಲು. ಹೋದಾಗ ಆಕೆ ಇದ್ದಳು, ಬರುವಾಗ ಇರಲಿಲ್ಲ. ಕೊತ್ತಂಬರಿ ಸಿವುಡು ಕೈಯಲ್ಲಿ ಹಿಡಿದುಕೊಂಡು ಹೇಳುವ ಮಾತಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ವಿಮಾನ ನಿಲ್ದಾಣ

ಗಿರಿಜಾ ನನಗಿಂತ ಆರು ವರ್ಷ ಚಿಕ್ಕವಳು. ಮದುವೆಯಾಗಿ ಗಂಡ ಶ್ರೀಕಾಂತರ ಜೊತೆ ಲಂಡನ್ನಿಗೆ ಹೋದವಳು ಅಲ್ಲಿಯವಳೇ ಆಗಿಬಿಟ್ಟಳು. ಪಾರ್ಕ್ ರಾಯಲ್ ಎಂಬಲ್ಲಿ ಅವರು ಒಂದು ಗೋದಾಮಿನಲ್ಲಿ ದುಡಿದರು. ಇವಳು ಸಾರು, ಪಲ್ಯಗಳನ್ನು ಡಬ್ಬಿಗೆ ತುಂಬಿ ಅಂಗಡಿಗಳಿಗೆ ಕಳಿಸುವ ಕಾರ್ಖಾನೆಯಲ್ಲಿ ಮಸಾಲೆ ಹದ ಮಾಡುವ ಕೆಲಸದಲ್ಲಿದ್ದಳು. ಹೋದ ವರ್ಷ ವೈದ್ಯರು ಆಕೆಯ ಹೃದಯ ಸೋತಿದೆ, ರಕ್ತ ನೂಕುವ ಕಸುವು ಕಡಿಮೆಯಾಗಿದೆ ಎಂದರು. ಗುಳಿಗೆ ನುಂಗಿಕೊಂಡು ಜೋಕೆಯಾಗಿದ್ದರೆ ಬಹಳ ವರ್ಷ ಇರಬಹುದು, ಸದ್ಯಕ್ಕೆ ದೂರದ ಪ್ರಯಾಣ ಬೇಡ ಎಂದರಂತೆ. ಆಕೆ ಬರುವಂತಿಲ್ಲ ಎಂದ ಮೇಲೆ ನಾನೇ ಹೊರಟೆ. ಗಂಡ ತೀರಿಕೊಂಡು ಹದಿನೈದು ವರ್ಷವಾದ, ಶಾಲೆಯಿಂದಲೂ ನಿವೃತ್ತಳಾದ ಹೆಂಗಸಿಗೆ ಹೊರಡಲು ಯಾರನ್ನು ಕೇಳಬೇಕು?

ಹೊರಡುವ ಮೊದಲು ಫೋನಿನಲ್ಲಿ ಏನು ತರಲಿ ಎಂದು ಕೇಳಿದೆ.

"ಶೇಂಗಾ ಚಟ್ನಿ ತಾ, ಗುರೆಳ್ಳ ಚಟ್ನಿ ತಾ, ಕಡಕ್ ರೊಟ್ಟಿ ತಾ, ಪೇಡೆ ತಾ," ಎಂದಳು. "ಅರಿಶಿಣ ಒಂದು ತರಬ್ಯಾಡ, ಅಕ್ಕಾ."

ಯಾಕೆ ಎಂದರೆ ಬಂದ ಮೇಲೆ ಹೇಳುತ್ತೇನೆ ಎಂದು ನಕ್ಕಳು. ಮಕ್ಕಳಿಗೆ ಜೀವಮಾನವೆಲ್ಲ 'ಹೇಳಿದ್ದನ್ನು ಕೇಳಿ' ಎಂದು ಕಲಿಸಿದವಳು ನಾನು. ನನಗೆ ಮಾತ್ರ ಆ ಪಾಠ ಹತ್ತಿಲ್ಲ. ಮುತ್ತೈದೆಯ ಮನೆಗೆ ಅರಿಶಿಣ-ಕುಂಕುಮ ಇಲ್ಲದೆ ಹೋಗಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು. ಅಂಗಡಿಯ ಪುಡಿ ಬೇಡವೆಂದು ಕೊಂಬು ತಂದು, ಒಣಗಿಸಿ, ಗಿರಣಿಯಲ್ಲಿ ಬೀಸಿಸಿ, ಎರಡು ಸೀರೆಗಳ ನಡುವೆ ಪೊಟ್ಟಣ ಇಟ್ಟುಕೊಂಡೆ.

ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ನೂರಾರು ಜನರನ್ನು ಬಿಟ್ಟು ನನ್ನ ಪೆಟ್ಟಿಗೆಯನ್ನೇ ತೆರೆಸಿದರು. ನನ್ನ ಮುಖದಲ್ಲೇ ಏನೋ ಬರೆದಿರಬೇಕು. ಎತ್ತರದ ಅಧಿಕಾರಿ ಪೇಡೆಯ ಡಬ್ಬಿ ಎತ್ತಿಕೊಂಡು, ಹಾಲಿನ ಪದಾರ್ಥ ಒಳಗೆ ಬಿಡುವಂತಿಲ್ಲ, ಸಾರಿ ಎಂದ. ಡಬ್ಬಿಯನ್ನು ಕಸದ ತೊಟ್ಟಿಗೆ ಹಾಕುವಾಗ ಇನ್ನೊಮ್ಮೆ ಸಾರಿ ಎಂದ. ಆಮೇಲೆ ಅರಿಶಿಣದ ಪೊಟ್ಟಣ ಬಿಚ್ಚಿ ಮೂಸಿ, ಸೀನಿ, ಸೀನಿದ್ದಕ್ಕೂ ಸಾರಿ ಎಂದು ಅದನ್ನು ಮಡಚಿ ಜೋಪಾನವಾಗಿ ಸೀರೆಯ ನಡುವೆಯೇ ಇಟ್ಟ. ನಮ್ಮೂರಿನ ಪೇಡೆಯನ್ನು ಎಸೆದವನ ಮೇಲೆ ನನಗೆ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ಪೇಡೆ ಬಿಟ್ಟು ಆ ಪೊಟ್ಟಣವನ್ನೇ ತೊಟ್ಟಿಗೆ ಹಾಕಿದ್ದರೆ ಆತನಿಗೆ ಕೈಮುಗಿಯುತ್ತಿದ್ದೆ.

ಹ್ಯಾರೋ

ಗಿರಿಜಾ ಇದ್ದ ಹ್ಯಾರೋ ಎಂಬ ಬಡಾವಣೆಯ ಮನೆಗಳು ಎರಡೆರಡಾಗಿ ಒಂದೇ ಗೋಡೆಗೆ ಬೆನ್ನು ಹಚ್ಚಿ ನಿಂತಿವೆ. ಗಿರಿಜಾಳ ಗೋಡೆಯಾಚೆ ಒಬ್ಬ ಮುದುಕನಿದ್ದ. ಅವನು ಕೆಮ್ಮಿದರೆ ನಮಗೆ ಕೇಳುತ್ತಿತ್ತು. ಎದುರು ಸಿಕ್ಕರೆ ಮಾತ್ರ ಹವೆಯ ಬಗ್ಗೆ ಒಂದು ಮಾತಾಡಿ ಒಳಗೆ ಹೋಗುತ್ತಿದ್ದ. ಧಾರವಾಡದಲ್ಲಾಗಿದ್ದರೆ ಇಷ್ಟು ವರ್ಷಗಳಲ್ಲಿ ನಮ್ಮ ಮನೆಯ ಒಗ್ಗರಣೆಗೆ ಅವನು ಆಚೆಯಿಂದಲೇ ಉಪ್ಪು ಖಾರ ಹೇಳುತ್ತಿದ್ದ.

ಅಡಿಗೆಮನೆ ಕೆಳಗೆ, ಮಲಗುವುದು, ಮೀಯುವುದು ಮೇಲೆ. ನಡುವೆ ರತ್ನಗಂಬಳಿ ಹಾಸಿದ ಕಡಿದಾದ ಮೆಟ್ಟಿಲು. ಗಿರಿಜಾ ಏರುವಾಗ ಅರ್ಧಕ್ಕೆ ಬಂದು ಕುಳಿತುಬಿಡುತ್ತಿದ್ದಳು. "ಇದು ನನ್ನ ಟೇಶನ್, ಗಾಡಿ ಇಲ್ಲೆ ನಿಂತು ನೀರು ಕುಡೀತದ," ಎನ್ನುತ್ತಿದ್ದಳು. ನಾನೂ ಪಕ್ಕದಲ್ಲಿ ಕುಳಿತು ಹರಟುತ್ತಿದ್ದೆ. ಅಕ್ಕತಂಗಿಯರ ಮಾತು ಹೆಚ್ಚಾಗಿ ನಡೆದದ್ದು ಆ ಮೆಟ್ಟಿಲ ಮೇಲೆಯೇ.

ಮೊದಲ ದಿನ ಊಟಕ್ಕೆ ಕುಳಿತರೆ ಸಾರು ಬಿಳಿ, ಪಲ್ಯ ಬಿಳಿ, ಉಪ್ಪಿಟ್ಟಿನಂಥ ಚಿತ್ರಾನ್ನ. ಬೇಳೆ ತೊಳೆದ ನೀರು ಬಡಿಸಿದ್ದೀಯಾ ಎಂದು ಕೇಳಿದೆ. ಶ್ರೀಕಾಂತರು ಮುಖ ತಗ್ಗಿಸಿ ನಕ್ಕರು. ಆಗ ಗಿರಿಜಾ ಎದ್ದು ಹೋಗಿ ಅಂಗೈಯಗಲದ ಒಂದು ಬಿಳಿ ಪೆಟ್ಟಿಗೆ ತಂದು ತಟ್ಟೆಯ ಪಕ್ಕ ಇಟ್ಟಳು.

ಹೃದಯಕ್ಕೆ ಭಾರ ಹೆಚ್ಚಾದಾಗ ಅದು ರಕ್ತಕ್ಕೆ ಒಂದು ಪ್ರೋಟೀನು ಬಿಡುತ್ತದಂತೆ. ಕಾಲು ಬಾಯುವ, ದಮ್ಮು ಹತ್ತುವ ಮೊದಲೇ ರಕ್ತದಲ್ಲಿ ಅದು ಏರಿರುತ್ತದೆ. ಅದನ್ನು ತಿಳಿಯಲು ಆಸ್ಪತ್ರೆಗೆ ಹೋಗಿ ನಳಿಗೆ ತುಂಬ ರಕ್ತ ಕೊಟ್ಟು ಕಾಯಬೇಕು. ಈ ಪೆಟ್ಟಿಗೆಗಾದರೆ ಬೆರಳ ತುದಿಯ ಒಂದು ಹನಿ ಸಾಕು. ಕಾಗದದಂಥ ಪಟ್ಟಿಯ ಮೇಲೆ ಹನಿ ಬಿಟ್ಟು ಒಳಗೆ ತೂರಿಸಿದರೆ ಚಹಾ ಕುದಿಯುವಷ್ಟರಲ್ಲಿ ಅಂಕಿ ಬರುತ್ತದೆ. ಸ್ಟ್ರಾಟ್‌ಫರ್ಡ್‌ನ ಒಂದು ಪ್ರಯೋಗಾಲಯದವರು ಇದನ್ನು ಮಾಡುತ್ತಿದ್ದರು. ಮನೆಯಲ್ಲಿಟ್ಟುಕೊಂಡು ಪರೀಕ್ಷಿಸಲು ಒಪ್ಪಿದ ರೋಗಿಗಳಲ್ಲಿ ಗಿರಿಜಾ ಒಬ್ಬಳು. ಇದು ಇನ್ನೂ ಪ್ರಯೋಗ, ವೈದ್ಯರ ಮಾತಿನ ಬದಲು ಇದನ್ನು ನಂಬಬೇಡಿ ಎಂದು ಮುಚ್ಚಳದ ಮೇಲೆ ಬರೆದಿತ್ತು.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅಂಕಿ ಇದ್ದಕ್ಕಿದ್ದಂತೆ ಜಿಗಿಯಿತು. ಹೆದರಿ ಫೋನ್ ಮಾಡಿದರು. ಆಂಬುಲೆನ್ಸ್ ಬಂತು, ಇಬ್ಬರು ತರುಣರು ಗಿರಿಜಾಳನ್ನು ಕುರ್ಚಿಯಲ್ಲಿ ಕೂರಿಸಿ ಆ ಮೆಟ್ಟಿಲನ್ನು ಇಳಿಸಿದರು. ಆಸ್ಪತ್ರೆಯ ಓಣಿಯಂಥ ಪಡಸಾಲೆಯಲ್ಲಿ ದಿನವಿಡೀ ಕುಳಿತ ಮೇಲೆ ಅಲ್ಲಿನ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂತು. ಎಳೆಯ ವೈದ್ಯೆ ನಗುತ್ತಲೇ ಮನೆಗೆ ಕಳಿಸಿದಳು. ಪ್ರಯೋಗಾಲಯದವರು ತಲೆ ಕೆಡಿಸಿಕೊಂಡು ಕೊನೆಗೆ ಕಂಡುಹಿಡಿದ ಕಾರಣ ಗಿರಿಜಾಳ ಬೆರಳು. ಕಾರ್ಖಾನೆಯಲ್ಲಿ, ಮನೆಯಲ್ಲಿ ಅರಿಶಿಣ ಮುಟ್ಟಿ ಮುಟ್ಟಿ ಹಳದಿಯಾದ ಬೆರಳು.

ಸುದ್ದಿ ಹ್ಯಾರೋದ ಕನ್ನಡದ ಹೆಂಗಸರಲ್ಲಿ ಹಬ್ಬಿತು. 'ಅರಿಶಿಣದ ಹಾರ್ಟ್ ಅಟ್ಯಾಕ್' ಎಂದು ಹೆಸರೂ ಬಂತು. ಗಿರಿಜಾ ಎಲ್ಲರಿಗಿಂತ ಚೆನ್ನಾಗಿ ಅದನ್ನು ಅಭಿನಯಿಸಿ ಹೇಳುತ್ತಿದ್ದಳು. ಆದರೆ ತನ್ನನ್ನು ಹೊತ್ತಿಳಿಸಿದ ಹುಡುಗರು ಹೊತ್ತದ್ದು ಬರೀ ಒಂದು ಚಮಚ ಅರಿಶಿಣವನ್ನು ಎನ್ನುವಾಗ ಆಕೆಯ ಮುಖದಲ್ಲಿ ನಗು ಇರುತ್ತಿರಲಿಲ್ಲ. ಆಮೇಲೆ ಕಾರ್ಖಾನೆಯ ಕೆಲಸವನ್ನೂ ಬಿಟ್ಟಳು, ಮನೆಯಲ್ಲೂ ಅರಿಶಿಣ ಬಂದ್.

ನಾನು ಪೊಟ್ಟಣ ತೋರಿಸಿದೆ. ತಲೆಗೊಂದು ಹುಸಿ ಏಟು ಕೊಟ್ಟು ಅದನ್ನು ಕಪಾಟಿನ ಮೇಲಿನ ಹಲಗೆಗೆ ಎಸೆದಳು.

ಪಾರ್ಕ್ ರಾಯಲ್

ಲಂಡನ್ ತೋರಿಸುತ್ತೇನೆ ಎಂದು ಆಕೆ ನನ್ನನ್ನು ಮೊದಲು ಕರೆದೊಯ್ದದ್ದು ತನ್ನ ಕಾರ್ಖಾನೆಯ ಗೇಟಿಗೆ. ಬಸ್ಸಿಳಿದರೆ ಈರುಳ್ಳಿ ಹುರಿಯುವ ವಾಸನೆ, ಅದರ ಹಿಂದೆ ಬಿಸ್ಕೀಟಿನ ವಾಸನೆ. ಬೀದಿಯಲ್ಲಿ ನಡೆಯುವವರಿಲ್ಲ, ಲಾರಿಗಳೇ. ಊಟದ ಬಿಡುವಿನಲ್ಲಿ ಕೂದಲಿಗೆ ಬಲೆ ಕಟ್ಟಿದ ಹೆಂಗಸರು ಹೊರಬಂದು ಆಕೆಯನ್ನು ಮುತ್ತಿದರು. ಗುಜರಾತಿನವರು, ತಮಿಳರು, ಪೋಲೆಂಡಿನವಳೊಬ್ಬಳು. ಎಲ್ಲರೂ ತಮ್ಮ ತಮ್ಮ ಇಂಗ್ಲಿಷಿನಲ್ಲಿ ಒಟ್ಟಿಗೆ ಮಾತಾಡುತ್ತಿದ್ದರು, ಯಾರಿಗೂ ಯಾರದೂ ತಿಳಿಯದೆ ಉಳಿಯಲಿಲ್ಲ.

ಕೈಗವಸು ಹಾಕಿಕೊಂಡೇ ಕೆಲಸವಾದರೂ ಎಲ್ಲರ ಬೆರಳೂ ಹಳದಿ. ಪೋಲೆಂಡಿನವಳು ತನ್ನ ಬಿಳಿ ಕೈಯ ಹಳದಿ ಉಗುರು ತೋರಿಸಿ ಗಿರಿಜಾ ನನ್ನನ್ನೂ ಇಂಡಿಯಾದವಳನ್ನಾಗಿ ಮಾಡಿ ಹೋದಳು ಎಂದಳು. ಮರಳುವಾಗ ಬಸ್ಸಿನಲ್ಲಿ ಗಿರಿಜಾ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತ ಕುಳಿತಿದ್ದಳು. ತಿಂಗಳುಗಟ್ಟಲೆ ತೊಳೆದು ತೊಳೆದು ಅವು ಬಿಳಿಚಿಕೊಂಡಿದ್ದವು.

"ಇವು ನನ್ನ ಕೈ ಅನ್ಸೂದಿಲ್ಲ ಅಕ್ಕಾ," ಎಂದಳು.

ಸ್ಟ್ರಾಟ್‌ಫರ್ಡ್

ಪ್ರಯೋಗಾಲಯಕ್ಕೆ ಹೋಗಲು ಊರಿನ ಈ ತುದಿಯಿಂದ ಆ ತುದಿಗೆ ರೈಲು. ಅಷ್ಟು ಜನ, ಅಷ್ಟು ಮೌನ ನಾನು ಎಲ್ಲಿಯೂ ಕಂಡಿಲ್ಲ. ನನ್ನ ಶಾಲೆಯ ಮಕ್ಕಳು ಪರೀಕ್ಷೆಯಲ್ಲೂ ಹೀಗೆ ಕುಳಿತವರಲ್ಲ. ನಾನು ಒಬ್ಬಾಕೆಯ ಕಾಲು ತುಳಿದೆ. ಆಕೆಯೇ ಸಾರಿ ಎಂದಳು. ಧಾರವಾಡದ ಬಸ್ಸಿನಲ್ಲಾಗಿದ್ದರೆ ನನ್ನ ಏಳು ತಲೆಮಾರು ಹೊರಬರುತ್ತಿತ್ತು.

ಅಲ್ಲಿ ದೊಡ್ಡ ಮಾರುಕಟ್ಟೆಯ ಕಟ್ಟಡದ ಆಚೆ ಗಾಜಿನದೊಂದು ಕಟ್ಟಡ. ಹೆಲೆನ್ ಎಂಬ ಉದ್ದ ಕಾಲಿನ ಹೆಂಗಸು ಬಾಗಿಲಿಗೇ ಬಂದಳು. ಈ ಪೆಟ್ಟಿಗೆಯ ಕೆಲಸಕ್ಕೆ ಅವಳೇ ಮುಖ್ಯಸ್ಥೆ. ನಲವತ್ತರ ಆಸುಪಾಸು, ಸೈಕಲ್ಲಿನಲ್ಲಿ ಬರುವವಳು, ಮೇಜಿನ ಮುಂದೆಯೇ ಬ್ರೆಡ್ಡು ಕಚ್ಚಿಕೊಂಡು ಊಟ ಮುಗಿಸುವವಳು. ಗಿರಿಜಾ ಅವಳಿಗೆಂದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳು. ಇಬ್ಬರೂ ಅಕ್ಕಪಕ್ಕದ ಮನೆಯವರಂತೆ ಮಾತಾಡುತ್ತಿದ್ದರು.

ಹೆಲೆನ್ ಬೇಸರವಿಲ್ಲದೆ ನನಗೆ ಎಲ್ಲವನ್ನೂ ತೋರಿಸಿದಳು. ಪಟ್ಟಿಯ ಮೇಲೆ ಆ ಪ್ರೋಟೀನನ್ನು ಹಿಡಿದುಕೊಳ್ಳುವ ವಸ್ತುವಿದೆ, ಅದಕ್ಕೆ ಹೊಳೆಯುವ ಬಣ್ಣ ಅಂಟಿಸಿದೆ. ಪೆಟ್ಟಿಗೆಯೊಳಗಿನ ನೀಲಿ ಬೆಳಕು ಬಿದ್ದಾಗ ಎಷ್ಟು ಹೊಳೆಯುತ್ತದೋ ಅಷ್ಟು ಪ್ರೋಟೀನು. ಎಷ್ಟೆಷ್ಟೋ ರಕ್ತದೊಂದಿಗೆ, ಔಷಧಗಳೊಂದಿಗೆ ಅದನ್ನು ಪರೀಕ್ಷಿಸಿದ್ದರು. ಅರಿಶಿಣವೂ ಆ ಬೆಳಕಿಗೆ ಹೊಳೆಯುತ್ತದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಚುಚ್ಚುವ ಮೊದಲು ಬೆರಳನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ ಎಂದು ಅವರೇ ಹೇಳಿದ್ದರು. ನೀರಿಗೆ ಜಗ್ಗದ ಅರಿಶಿಣ ಸ್ಪಿರಿಟ್ಟಿಗೆ ಕರಗಿ ನೇರ ರಕ್ತದ ಹನಿಗೇ ಇಳಿಯುತ್ತಿತ್ತು. ಈಗ ಬರೀ ಸೋಪು, ಬಿಸಿನೀರು, ಅದೂ ಅಡಿಗೆಯಲ್ಲಿ ಕಡಿಮೆ ದುಡಿಯುವ ಕಿರುಬೆರಳು ಎಂದು ನಿಯಮ ಬದಲಿಸಿದ್ದರು. ಇದನ್ನು ಹೇಳುವಾಗ ಹೆಲೆನ್ ಗಿರಿಜಾಳ ಕಡೆ ತಿರುಗಿ ಎರಡು ಸಲ ಸಾರಿ ಎಂದಳು.

ಆಮೇಲೆ ಕಿಟಕಿಯ ಪರದೆ ಎಳೆದು, ಒಂದು ಹತ್ತಿಗೆ ಅರಿಶಿಣ ಸವರಿ ನಮ್ಮಿಬ್ಬರ ಬೆರಳಿಗೆ ಹಚ್ಚಿ, ನೇರಳೆ ಬಣ್ಣದ ದೀಪ ಹಾಕಿದಳು. ಕತ್ತಲಲ್ಲಿ ನಮ್ಮ ಬೆರಳ ತುದಿಗಳು ಮಿಣುಕುಹುಳುವಿನ ಹಾಗೆ ಹಸಿರು ಹಳದಿಯಾಗಿ ಹೊಳೆದವು. ಗಿರಿಜಾ ಕೈಯನ್ನು ಹೀಗೆ ಹಾಗೆ ಆಡಿಸುತ್ತ ಚಿಕ್ಕ ಹುಡುಗಿಯಂತೆ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ಶ್ರಾವಣ ಶುಕ್ರವಾರ

ಶ್ರಾವಣ ಬಂತು. ಲಂಡನ್ನಿನ ಶ್ರಾವಣಕ್ಕೆ ಮಳೆಯೂ ಇಲ್ಲ, ಬಿಸಿಲೂ ಇಲ್ಲ, ಒಂದು ಬೂದು ಮೋಡ ಮಾತ್ರ. ಶುಕ್ರವಾರ ಮನೆಯಲ್ಲಿ ಲಕ್ಷ್ಮಿ ಕೂಡಿಸಿ ಅರಿಶಿಣ-ಕುಂಕುಮಕ್ಕೆ ಹತ್ತು ಹೆಂಗಸರನ್ನು ಕರೆಯುವುದು ಗಿರಿಜಾ ತಪ್ಪದೆ ನಡೆಸಿಕೊಂಡು ಬಂದದ್ದು. ಬೆಂಗಳೂರಿನವರು, ಮೈಸೂರಿನವರು, ವಿಜಯಪುರದ ಒಬ್ಬರು ಬಂದರು. ಕೆಲಸ ಬಿಟ್ಟು ನೇರ ಬಂದವರು ಕೋಟಿನೊಳಗಿನಿಂದ ಹೂವಿನ ಪೊಟ್ಟಣ ತೆಗೆದರು. ಗಿರಿಜಾಳ ಮಗಳು ಮೇಘಾ ಸ್ಟ್ರಾಟ್‌ಫರ್ಡ್‌ನ ತನ್ನ ಫ್ಲ್ಯಾಟಿನಿಂದ ಬಂದಿದ್ದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಆಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು, ಉತ್ತರ ಮಾತ್ರ ಎಂದೂ ತಪ್ಪುತ್ತಿರಲಿಲ್ಲ.

ಮುತ್ತೈದೆಯರ ನಡುವೆ ನನಗೇನು ಕೆಲಸ ಎಂದು ನಾನು ಅಡಿಗೆಮನೆಯಲ್ಲಿ ಕೋಸಂಬರಿ ಕಲಸುತ್ತಿದ್ದೆ. ಗಿರಿಜಾ ಬಂದು ಕೈಹಿಡಿದು ಎಳೆದುಕೊಂಡು ಹೋಗಿ ಚಾಪೆಯ ಮೇಲೆ ಕೂರಿಸಿದಳು. ಕಪಾಟಿನ ಮೇಲಿಂದ ನನ್ನ ಪೊಟ್ಟಣ ಆಗಲೇ ಇಳಿದಿತ್ತು. ಬಟ್ಟಲಲ್ಲಿ ಅರಿಶಿಣ ಕಲಸಿ ಎಲ್ಲರ ಕೈಗೆ ಹಚ್ಚಿದ ಮೇಲೆ ನನ್ನ ಕೈಯನ್ನೂ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಬ್ಯಾಡ ಎಂದೆ.

"ನೀ ತಂದ ಅರಿಶಿಣ ನಿನಗs ಹಚ್ಚದ ಇದ್ರ ಹೆಂಗ?" ಎಂದು ಮೊಣಕೈತನಕ ಬಳಿದಳು. "ಇಲ್ಲೆ ಯಾರ್ ಕೇಳ್ತಾರ, ಸುಮ್ನ ಕೂಡು."

ಹದಿನೈದು ವರ್ಷಗಳ ಮೇಲೆ ನನ್ನ ಕೈಗೆ ಅರಿಶಿಣ ಹತ್ತಿತ್ತು. ನನಗೆ ಅಳು ಬಂತು, ಅದನ್ನು ಅಡಗಿಸಲು ಹೋಗಲಿಲ್ಲ. ಗಿರಿಜಾಳ ಎರಡೂ ಅಂಗೈ ಬಂಗಾರದ ಬಣ್ಣವಾಗಿದ್ದವು. ಹೆಂಗಸರು ಹೋದ ಮೇಲೂ ಆಕೆ ಬಹಳ ಹೊತ್ತು ತೊಳೆದುಕೊಳ್ಳಲಿಲ್ಲ.

ಶನಿವಾರ, ರವಿವಾರ

ಶನಿವಾರ ಬೆಳಿಗ್ಗೆ ಪೆಟ್ಟಿಗೆಯ ಅಂಕಿ ದುಪ್ಪಟ್ಟಿಗಿಂತ ಹೆಚ್ಚು ತೋರಿಸಿತು. ಗಿರಿಜಾ ಅಂಗೈ ನೋಡಿಕೊಂಡು ನಕ್ಕಳು. ಶ್ರೀಕಾಂತರೂ ಅರಿಶಿಣವೇ ಸರಿ ಎಂದು ನಕ್ಕರು. ನಾನೂ ಮೊದಲು ನಕ್ಕೆ. ಆಮೇಲೆ ಆಕೆಯ ಕಾಲು ನೋಡಿದೆ, ಕಾಲುಂಗುರ ಬಾತ ಬೆರಳಿನಲ್ಲಿ ಹೂತುಹೋಗಿತ್ತು. ನಿನ್ನೆಯೆಲ್ಲ ನಿಂತದ್ದಕ್ಕೆ ಎಂದಳು. ಹಿಂದಿನ ರಾತ್ರಿ ತಲೆಗೆ ಎರಡು ದಿಂಬು ಯಾಕೆ ಬೇಕಾಯಿತು ಎಂದೆ. ದಿಂಬು ಮೆತ್ತಗೆ ಎಂದಳು. ಹಾಳು ಪೆಟ್ಟಿಗೆ ಏನಾದರೂ ಹೇಳಲಿ, ನೀನು ಡಾಕ್ಟರಿಗೆ ಫೋನ್ ಮಾಡು ಎಂದು ಹಟ ಹಿಡಿದೆ.

"ಅವತ್ತಿನ ಗತಿನs ಇವತ್ತೂ ಆಗೂದು, ಅಕ್ಕಾ," ಎಂದಳು. ಈಗ ನಗುತ್ತಿರಲಿಲ್ಲ. "ಆ ಹುಡುಗ್ರು ಮತ್ತ ನನ್ನ ಹೊತಗೊಂಡು ಇಳೀಬೇಕು. ಖರೇನ ಸಾಯೂ ಮಂದಿ ಎಲ್ಲೋ ಕಾಯ್ತಿರ್ತಾರ. ಎರಡ ಸರ್ತೆ ನಗೆಪಾಟಲು ಬ್ಯಾಡ. ಕೈ ತೊಳಕೊಂಡು ನಾಳೆ ನೋಡೂಣು, ಸೋಮವಾರ ಹೆಂಗೂ ಹೆಲೆನ್ ಬರ್ತಾಳ."

ಊರಿನಲ್ಲಾಗಿದ್ದರೆ ನಾನು ಮಾತು ಬೆಳೆಸುತ್ತಿರಲಿಲ್ಲ. ಬೀದಿಗೆ ಹೋಗಿ ಆಟೋ ನಿಲ್ಲಿಸಿ, ಅವಳನ್ನು ಒಳಗೆ ತಳ್ಳಿ ನಮ್ಮ ಡಾಕ್ಟರ ಮನೆಯ ಮುಂದೆಯೇ ಇಳಿಸುತ್ತಿದ್ದೆ. ಅವರು ಊಟ ಬಿಟ್ಟು ಎದ್ದು ಬರುತ್ತಿದ್ದರು. ಇಲ್ಲಿ ನನಗೆ ಬೀದಿಯ ಹೆಸರು ಸರಿಯಾಗಿ ಬರುವುದಿಲ್ಲ, ಯಾವ ಡಾಕ್ಟರ ಮನೆ ಎಲ್ಲಿದೆಯೋ ಗೊತ್ತಿಲ್ಲ. ಊರು ಬಿಟ್ಟು ಬಂದವಳ ಕೈ ಎಷ್ಟು ಮೋಟು ಎಂದು ಆ ಶನಿವಾರ ತಿಳಿಯಿತು. ಅವಳ ಊರು, ಅವಳ ಮನೆ, ಅವಳ ಮೈ ಎಂದು ಸುಮ್ಮನಾದೆ. ಸಿಟ್ಟಿನಲ್ಲಿ ಮಧ್ಯಾಹ್ನ ಮಾತು ಬಿಟ್ಟೆ.

ಗಿರಿಜಾ ನಿಂಬೆಹಣ್ಣು, ಸೋಡಾ, ಸೋಪು ಹಾಕಿ ಕೈ ತಿಕ್ಕಿದಳು. ಸಂಜೆ ತಿಕ್ಕಿದಳು, ರವಿವಾರ ಬೆಳಿಗ್ಗೆ ಎದ್ದು ಮತ್ತೆ ತಿಕ್ಕಿದಳು. ಅಂಕಿ ಇನ್ನಷ್ಟು ಏರಿತ್ತು. ಅರಿಶಿಣ ಅಂದರೆ ಒಂದೇ ದಿನಕ್ಕೆ ಹೋಗುತ್ತದೇನು ಎಂದು ಪಟ್ಟಿಯನ್ನು ಪ್ರಯೋಗಾಲಯಕ್ಕೆ ಮರಳಿಸುವ ಡಬ್ಬಿಗೆ ಹಾಕಿದಳು. ನನ್ನ ಸಿಟ್ಟು ಇಳಿಸಲು ಅವಲಕ್ಕಿ ಒಗ್ಗರಣೆ ಹಾಕಿದಳು, ಬಿಳಿ ಅವಲಕ್ಕಿ. ನಾನು ತಿಂದೆ.

ಮಧ್ಯಾಹ್ನ ಸ್ವಲ್ಪ ಅಡ್ಡಾಗುತ್ತೇನೆ ಎಂದು ಮೆಟ್ಟಿಲು ಏರಿದವಳು ಅರ್ಧಕ್ಕೆ ಕುಳಿತಳು. ಟೇಶನ್ ಬಂತೇನು ಎಂದು ಕೆಳಗಿನಿಂದ ಕೇಳಿದೆ. ಹೂಂ, ನೀರು ತಾ ಎಂದಳು. ನಾನು ತಂಬಿಗೆ ತರುವಷ್ಟರಲ್ಲಿ ಗೋಡೆಗೆ ಒರಗಿದ್ದಳು. ಶ್ರೀಕಾಂತರು ಫೋನ್ ಮಾಡಿದರು, ಆಂಬುಲೆನ್ಸ್ ಬೇಗನೆ ಬಂತು. ಅವರು ಮೆಟ್ಟಿಲ ಮೇಲೆಯೇ ಬಹಳ ಹೊತ್ತು ಎದೆ ಒತ್ತಿದರು. ಕೊನೆಗೆ ಒಬ್ಬ ಎದ್ದು ನಿಂತು ನನಗೆ ಸಾರಿ ಎಂದ.

ಸೋಮವಾರ

ಸೋಮವಾರ ಬೆಳಿಗ್ಗೆ ಹೆಲೆನ್ ಹೊಸ ಪಟ್ಟಿಗಳನ್ನು ಕೊಡಲು ಬಂದಳು. ವಾರದ ಕೊನೆಗೆ ಪ್ರಯೋಗಾಲಯ ಮುಚ್ಚಿರುತ್ತದೆ, ಅವಳಿಗೆ ಏನೂ ಗೊತ್ತಿರಲಿಲ್ಲ. ಬಾಗಿಲ ಮುಂದೆ ಚಪ್ಪಲಿ, ಬೂಟುಗಳ ರಾಶಿ ನೋಡಿ, ಇವತ್ತೂ ಪೂಜೆಯೇ ಎಂದು ನಗುತ್ತ ಕೇಳಿದಳು. ಮೇಘಾ ಅವಳನ್ನು ಹೊರಗೇ ನಿಲ್ಲಿಸಿ ಹೇಳಿದಳು. ಹೆಲೆನ್ ಬೂಟು ಬಿಚ್ಚಿ ಒಳಗೆ ಬಂದು, ಕುರ್ಚಿ ಬಿಟ್ಟು ನೆಲದ ಮೇಲೆ ನನ್ನ ಪಕ್ಕ ಕುಳಿತಳು.

ಗೋಡೆಯಾಚೆಯ ಮುದುಕ ಬಾಗಿಲ ಸೀಳಿನಿಂದ ಒಂದು ಕಾರ್ಡು ತೂರಿಸಿ ಹೋದ. ನನಗೆ ಮೊದಲು ಕೋಪ ಬಂತು, ಒಳಗೆ ಬಂದು ಕೂರಬಾರದೇ ಎಂದು. ಆದರೆ ಆ ವಾರವೆಲ್ಲ ಅವನ ಕೆಮ್ಮು ಕೇಳಿಸಲಿಲ್ಲ. ಕೆಮ್ಮು ಬಂದರೆ ಹಿತ್ತಲಿಗೆ ಹೋಗಿ ಕೆಮ್ಮಿ ಬರುತ್ತಿದ್ದ ಎಂದು ಮೇಘಾ ಮೇಲಿನ ಕಿಟಕಿಯಿಂದ ನೋಡಿ ಹೇಳಿದಳು.

ಇಲ್ಲಿ ಸತ್ತವರೂ ಸರದಿಯಲ್ಲಿ ನಿಲ್ಲಬೇಕು. ದಹನಕ್ಕೆ ದಿನ ಸಿಗಲು ವಾರಗಳೇ ಹಿಡಿದವು. ಅಷ್ಟು ದಿನವೂ ಜನ ಬಂದರು, ಬಂದವರಿಗೆಲ್ಲ ಶ್ರೀಕಾಂತರು ಒಂದೇ ಮಾತು ಹೇಳಿದರು.

"ಅರಿಶಿಣದಿಂದ ಹಂಗ ತೋರಸ್ತು, ಮಿಷನ್ನಿಗೆ ಏನ್ ಗೊತ್ತು? ಆಕೀದು ಅಷ್ಟs ಬರದಿತ್ತು."

ಬಂದವರು ಹೌದೆಂದು ಗೋಣು ಹಾಕುತ್ತಿದ್ದರು. ಹೊರಗೆ ಹೋಗಿ ಚಪ್ಪಲಿ ಮೆಟ್ಟುವಾಗ, ಹೃದಯದ ರೋಗ ಇಟ್ಟುಕೊಂಡು ಅರಿಶಿಣ ಯಾಕೆ ಮುಟ್ಟಬೇಕಿತ್ತು, ಕೈಯಾದರೂ ಸರಿಯಾಗಿ ತೊಳೆಯಬಾರದಿತ್ತೇ ಎಂದು ಪಿಸುಗುಟ್ಟುತ್ತಿದ್ದರು. ನನಗೆ ಕೇಳುತ್ತಿತ್ತು.

ಮತ್ತೆ ಸ್ಟ್ರಾಟ್‌ಫರ್ಡ್

ಪೆಟ್ಟಿಗೆಯನ್ನೂ ಹಳೆಯ ಪಟ್ಟಿಗಳ ಡಬ್ಬಿಯನ್ನೂ ಮರಳಿಸಬೇಕಿತ್ತು. ಮೇಘಾ ಕಾರಿನಲ್ಲಿ ಕರೆದುಕೊಂಡು ಹೋದಳು, ತಾನು ಮಾತ್ರ ಕೆಳಗೇ ಉಳಿದಳು. ನಾನು ಹೆಲೆನ್‌ಳನ್ನು ನೇರವಾಗಿ ಕೇಳಿದೆ: ಆ ಎರಡು ದಿನದ ಅಂಕಿ ಅರಿಶಿಣದ್ದೋ, ಹೃದಯದ್ದೋ?

ಹೇಳಬಹುದು, ಆದರೆ ನಿಮಗೆ ಖಂಡಿತ ಬೇಕೇ ಎಂದಳು. ಬೇಕು ಎಂದೆ.

ಮತ್ತೆ ಪರದೆ ಎಳೆದಳು. ಮೊದಲು ಚಳಿಗಾಲದ ಪಟ್ಟಿ ಇಟ್ಟಳು, ಅದನ್ನು ಅವರು ಕಾದಿಟ್ಟಿದ್ದರು. ಹನಿ ಬಿದ್ದ ಬಾಯಿಯ ಸುತ್ತ ಬೆರಳು ತಾಗಿದಲ್ಲೆಲ್ಲ ಹಳದಿ ಹೊಳೆಯಿತು. ಆಮೇಲೆ ಶನಿವಾರದ್ದು. ಒಂದು ಅಂಚಿನಲ್ಲಿ ಸಾಸಿವೆಯಷ್ಟು ಮಿಣುಕು. ಆಮೇಲೆ ರವಿವಾರದ್ದು. ಅದರ ಅಂಚಿನಲ್ಲಿ ಏನೂ ಇರಲಿಲ್ಲ. ಹೆಲೆನ್ ಅದನ್ನು ತಿರುಗಿಸಿ, ಬಗ್ಗಿ, ಭೂತಗನ್ನಡಿಯ ಕೆಳಗಿಟ್ಟು ನೋಡಿದಳು. ಬೆರಳಿನದು ಒಂದು ಚೂರೂ ಹಳದಿ ಇಲ್ಲ. ಒಳಗೆ ರಕ್ತ ಹರಿದ ಗೆರೆ ಮಾತ್ರ ಪ್ರಖರವಾಗಿತ್ತು. ಶನಿವಾರದ ಅಷ್ಟೇ ಮಿಣುಕಿನಿಂದ ಆ ಅಂಕಿ ಬರಲಾರದು, ಎರಡೂ ದಿನ ಹೃದಯವೇ ಹೇಳುತ್ತಿತ್ತು ಎಂದು ನಿಧಾನವಾಗಿ ಬಿಡಿಸಿ ಹೇಳಿದಳು. ಮುಂದಿನ ಪೆಟ್ಟಿಗೆಗಳಲ್ಲಿ ಬೆರಳಿನ ಬಣ್ಣವನ್ನು ಬೇರೆಯಾಗಿ ಗುರುತಿಸುವ ಇನ್ನೊಂದು ದೀಪ ಇರುತ್ತದೆ, ಗಿರಿಜಾ ಇಲ್ಲದಿದ್ದರೆ ಅದು ತಮಗೆ ತಿಳಿಯುತ್ತಲೇ ಇರಲಿಲ್ಲ ಎಂದಳು.

ಅದರಿಂದ ಯಾರದೋ ಅಕ್ಕ, ಯಾರದೋ ತಂಗಿ ಉಳಿಯಬಹುದು. ಉಳಿಯಲಿ. ಆ ಹೊತ್ತಿಗೆ ನನಗೆ ಸಮಾಧಾನವಾಗಲಿಲ್ಲ, ಆಯಿತೆಂದು ಬರೆದರೆ ಸುಳ್ಳಾಗುತ್ತದೆ. ಎಲ್ಲದಕ್ಕೂ ಸಾರಿ ಎನ್ನುವ ಹೆಲೆನ್ ಅಂದು ಸಾರಿ ಎನ್ನಲಿಲ್ಲ. ಕತ್ತಲಲ್ಲಿ ನನ್ನ ಕೈ ಹಿಡಿದು ನಿಂತಳು.

ಮೇಘಾಳ ಅಪ್ಪನಿಗೆ ಇದನ್ನು ಹೇಳಬಾರದು ಎಂದು ಕಾರಿನಲ್ಲಿ ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡೆ. ಅರಿಶಿಣವೇ ಸರಿ ಎಂದು ನಕ್ಕ ಮನುಷ್ಯ ಅವರು. ಆ ಮಾತನ್ನು ಹಿಡಿದುಕೊಂಡೇ ಅವರ ದಿನ ನೂಕುತ್ತಿತ್ತು.

ಕೊನೆಯ ದಿನ

ದಹನದ ದಿನ ಬೆಳಿಗ್ಗೆ, ಹೆಣ ಕಾಯ್ದಿಡುವ ಕಂಪನಿಯವರು ಹೆಂಗಸರಿಗೆಂದು ಒಂದು ಕೋಣೆ ಬಿಟ್ಟುಕೊಟ್ಟರು. ಹಸಿರು ಸೀರೆ ಉಡಿಸಿದೆವು, ಹಸಿರು ಬಳೆ ತೊಡಿಸಿದೆವು, ಮುಡಿಗೆ ಹೂವು ಮುಡಿಸಿದೆವು. ಗಂಡನಿಗಿಂತ ಮೊದಲು ಹೋದ ಮುತ್ತೈದೆಗೆ ಅರಿಶಿಣ ಹಚ್ಚಿ ಕಳಿಸಬೇಕು. ನನ್ನ ಪೊಟ್ಟಣದಲ್ಲಿ ಉಳಿದದ್ದನ್ನು ಬಟ್ಟಲಲ್ಲಿ ಕಲಸಿ ಇಟ್ಟಿದ್ದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಹಚ್ಚಬೇಕಾದವರು ಮುತ್ತೈದೆಯರು, ಬಟ್ಟಲು ಹಿಡಿದು ನಿಂತವಳು ನಾನು. ಮೈಸೂರಿನಾಕೆ ಮೆತ್ತಗೆ ಕೈ ಚಾಚಿದಳು. ನಾನು ಕೊಡಲಿಲ್ಲ. ನನ್ನ ಮೊಣಕೈತನಕ ಅರಿಶಿಣ ಬಳಿದವಳಿಗೆ ನಾನೇ ಹಚ್ಚುತ್ತೇನೆ ಎಂದೆ. ಅವರು ಒಬ್ಬೊಬ್ಬರಾಗಿ ಕುಂಕುಮವಿಟ್ಟು, ನಮಸ್ಕಾರ ಮಾಡಿ ಹೊರಗೆ ಹೋದರು.

ಶ್ರೀಕಾಂತರು ಒಳಗೆ ಬಂದರು. ಬಟ್ಟಲು ಹಿಡಿಯಿರಿ ಎಂದು ಕೊಟ್ಟೆ. ಕೆನ್ನೆಗೆ ಹಚ್ಚಿದೆ, ಪಾದಕ್ಕೆ ಹಚ್ಚಿದೆ. ಬಲಗೈ ಎತ್ತಿಕೊಂಡೆ. ನಿಂಬೆಹಣ್ಣಿನಿಂದ ತಿಕ್ಕಿ ತಿಕ್ಕಿ ಉಗುರಿನ ಸಂದಿಯೂ ಬೆಳ್ಳಗಾಗಿದ್ದ ಕೈ.

ಅವರು ಅದನ್ನೇ ನೋಡುತ್ತಿದ್ದರು.

"ಅರಿಶಿಣನs ಹೌದಲ್ರೀ, ಅಕ್ಕಾರ?"

ಹೌದು ಎನ್ನಬೇಕೆಂದೇ ಬಂದಿದ್ದೆ. ಹೌದು ಎಂದರೆ ಅವರು ಬದುಕುತ್ತಾರೆ. ಆದರೆ ಆ ಕೈ ನನ್ನ ಕೈಯಲ್ಲಿತ್ತು. ಸರಿಯಾಗಿ ತೊಳೆಯಲಿಲ್ಲ ಎಂಬ ಮಾತನ್ನು ಆ ಕೈಯ ಜೊತೆ ಬೆಂಕಿಗೆ ಕಳಿಸಲು ನನ್ನಿಂದ ಆಗಲಿಲ್ಲ.

"ಆಕಿ ಕೈ ಚೊಲೋ ತೊಳಕೊಂಡಿದ್ಲರೀ, ಶ್ರೀಕಾಂತರ," ಎಂದೆ. "ಒಂದು ಚೂರೂ ಉಳಿದಿದ್ದಿಲ್ಲ."

ಅವರಿಗೆ ತಿಳಿಯಿತು. ಹೊರಗೆ ಯಾರೋ ಹೊತ್ತಾಯಿತು ಎಂದು ಬಾಗಿಲು ತಟ್ಟಿದರು, ತಟ್ಟಿದ್ದಕ್ಕೆ ಸಾರಿ ಎಂದರು. ನಾನು ಬಲಗೈಯ ಒಂದೊಂದೇ ಬೆರಳಿಗೆ ಅರಿಶಿಣ ಹಚ್ಚುತ್ತ ಹೋದೆ, ಕಿರುಬೆರಳನ್ನೂ ಬಿಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಶ್ರೀಕಾಂತರು ಬಟ್ಟಲನ್ನು ಕೆಳಗಿಟ್ಟು, ತಮ್ಮ ಬೆರಳು ಅದ್ದಿ, ಹೆಂಡತಿಯ ಎಡಗೈ ಎತ್ತಿಕೊಂಡರು.